ಹದಿನಾಲ್ಕು ಅಂಕ ಅರವತ್ತೊಂದಾದ ಪ್ರಕರಣ

ನಾನು ನಿವೃತ್ತಳಾಗಿ ಇನ್ನೂ ಹೆಚ್ಚು ದಿನವಾಗಿಲ್ಲ. ಸೇವೆಯ ಕೊನೆಯ ನಾಲ್ಕು ವರ್ಷ ರೋಣದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪ್ರಾಚಾರ್ಯೆಯಾಗಿದ್ದೆ. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅದೇ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕಿ. ಪ್ರಾಚಾರ್ಯೆಯಾದ ಮೇಲೂ ಆ ಪಾಠ ನನ್ನನ್ನು ಬಿಡಲಿಲ್ಲ; ಖಾಲಿಯಾದ ಹುದ್ದೆಗೆ ಬೇರೆ ಯಾರೂ ಬರಲಿಲ್ಲವಾದ್ದರಿಂದ ಕಚೇರಿಯ ಕಡತಗಳ ನಡುವೆ ಎದ್ದುಹೋಗಿ ದ್ವಿತೀಯ ಪಿಯುಸಿಯ ಮಕ್ಕಳಿಗೆ ಪಾಠ ಮಾಡಿ ಬರುತ್ತಿದ್ದೆ. ನಾನು ಹೇಳಹೊರಟಿರುವುದು ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ನನ್ನ ಮೇಜಿಗೆ ಬಂದ ಒಂದು ಪ್ರಕರಣದ ಬಗ್ಗೆ.

ಆಗಸ್ಟ್ ತಿಂಗಳ ಒಂದು ಸೋಮವಾರ. ಗುಮಾಸ್ತ ವೀರಪ್ಪನವರು ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗದೆ ಅಲ್ಲೇ ನಿಂತರು. ಒಳಗೇನಿದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಮೇಲಿನ ಕಚೇರಿಯ ಪತ್ರ. ಅದರ ಜೊತೆಗೆ ಹೆಸರಿಲ್ಲದ ಒಂದು ದೂರಿನ ಪ್ರತಿ. ದೂರು ಕನ್ನಡದಲ್ಲಿತ್ತು, ನಾಲ್ಕೇ ಸಾಲು. ರೋಣದ ಕಾಲೇಜಿನಲ್ಲಿ ಎರಡು ವಿಷಯಗಳಲ್ಲಿ ನಪಾಸಾದ ರೇಣುಕಾ ಎಂಬವಳಿಗೆ ಈ ವರ್ಷ ಸರ್ಕಾರಿ ಮೆಡಿಕಲ್ ಸೀಟು ಸಿಕ್ಕಿದೆ, ಆಕೆ ಯಾವ ಕೋಚಿಂಗ್‌ಗೂ ಹೋಗಿಲ್ಲ, ಆಕೆಯ ಹೆಸರಿನಲ್ಲಿ ಪರೀಕ್ಷೆ ಬರೆದವರು ಬೇರೆ, ವಿಚಾರಿಸಿ. ಕೆಳಗೆ ಆಕೆಯ ಪಿಯುಸಿ ರಿಜಿಸ್ಟರ್ ನಂಬರನ್ನು ಒಂದು ಅಂಕಿಯೂ ತಪ್ಪದಂತೆ ಬರೆಯಲಾಗಿತ್ತು. ಬಹುಶಃ ಆ ನಂಬರಿನಿಂದಾಗಿಯೇ ಕಚೇರಿಯವರು ಇದನ್ನು ಕಸದ ಬುಟ್ಟಿಗೆ ಹಾಕಿರಲಿಲ್ಲ. ಅಭ್ಯರ್ಥಿಯ ಗುರುತು, ಸಹಿ, ಕೈಬರಹ ಇವುಗಳನ್ನು ಕಾಲೇಜಿನ ದಾಖಲೆಗಳೊಂದಿಗೆ ಹೋಲಿಸಿ ಏಳು ದಿನಗಳೊಳಗೆ ವರದಿ ಕಳಿಸಬೇಕೆಂದು ನನಗೆ ಸೂಚನೆ ಇತ್ತು. ಸೀಟಿಗೆ ಪ್ರವೇಶ ಪಡೆಯಲು ಆಕೆಗೆ ಉಳಿದಿದ್ದದ್ದು ಒಂಬತ್ತು ದಿನ.

"ನಿಮಗ ನೆನಪೈತೇನ್ರಿ ಮೇಡಂ ಈ ಹುಡುಗಿ? ಯಾವಗಲ್ ಊರಿಂದ ಬರ್ತಿದ್ಳು," ಎಂದರು ವೀರಪ್ಪನವರು.

ನೆನಪಿತ್ತು. ಕುರಿ ಸಾಕುವ ಮನೆಯ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ತೆಗೆದು ವಿಜ್ಞಾನಕ್ಕೆ ಸೇರಿದ್ದಳು. ತರಗತಿಯಲ್ಲಿ ಮೂರನೆಯ ಸಾಲಿನ ಗೋಡೆಯ ಪಕ್ಕ ಕೂರುತ್ತಿದ್ದಳು. ಎರಡು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ದ್ವಿತೀಯ ಪಿಯುಸಿಯಲ್ಲಿ ರಸಾಯನಶಾಸ್ತ್ರದ ಲಿಖಿತ ಪರೀಕ್ಷೆಗೆ ಎಪ್ಪತ್ತಕ್ಕೆ ಹದಿನಾಲ್ಕು, ಭೌತಶಾಸ್ತ್ರಕ್ಕೆ ಹದಿನಾರು; ಲಿಖಿತಕ್ಕೇ ಬೇರೆ ಕನಿಷ್ಠ ಅಂಕ ಬೇಕಾದ್ದರಿಂದ ಎರಡರಲ್ಲೂ ನಪಾಸು. ಅಂಕಪಟ್ಟಿ ಒಯ್ಯಲು ಬಂದ ದಿನ ನಾನು ಆಕೆಗೆ ಹೇಳಿದ ಮಾತೂ ನೆನಪಿತ್ತು: "ಸೈನ್ಸ್ ಬಿಡವಾ. ಬಿ.ಎ. ಮಾಡು. ಡಾಕ್ಟರಕಿ ಎಲ್ಲಾರಿಗೂ ಆಗೂದಲ್ಲ." ಆಕೆ ತಲೆ ಎತ್ತದೆ "ಹೂನ್ರಿ" ಎಂದು ಹೋಗಿದ್ದಳು.

ಅದು ಎರಡು ವರ್ಷದ ಹಿಂದಿನ ಮಾತು. ಆಮೇಲಿನ ದಾಖಲೆಗಳನ್ನು ಈಗ ತೆಗೆದು ನೋಡಿದೆ. ಮರುವರ್ಷ ಆ ಎರಡು ವಿಷಯಗಳನ್ನು ಮಾತ್ರ ಮತ್ತೆ ಬರೆದಿದ್ದಳು. ರಸಾಯನಶಾಸ್ತ್ರದಲ್ಲಿ ಹದಿನಾಲ್ಕು ಇದ್ದದ್ದು ಅರವತ್ತೊಂದಾಗಿತ್ತು, ಭೌತಶಾಸ್ತ್ರ ಐವತ್ತೇಳಾಗಿತ್ತು. ಅದೇ ವರ್ಷ ಬರೆದ ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ, ಏಳುನೂರಾ ಇಪ್ಪತ್ತಕ್ಕೆ ಇನ್ನೂರಾ ಹನ್ನೆರಡು. ಈ ವರ್ಷ ಎರಡನೆಯ ಪ್ರಯತ್ನದಲ್ಲಿ ಐನೂರಾ ಎಪ್ಪತ್ತೆಂಟು.

ಅಂಕಗಳನ್ನು ನೋಡುತ್ತಿದ್ದಂತೆ ನನ್ನ ಮನಸ್ಸು ಹೇಳಿದ್ದು ಒಂದೇ ಮಾತು: ಇದು ಸಾಧ್ಯವಿಲ್ಲ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಯಾವ ಮಗು ಎಲ್ಲಿಗೆ ಮುಟ್ಟುತ್ತದೆ ಎಂಬ ಅಂದಾಜು ಇರುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆಗೆ ಈ ಹುಡುಗಿ ಹೊಂದುತ್ತಿರಲಿಲ್ಲ.

ಕೈಬರಹ ಹೋಲಿಸಲು ಕಾಲೇಜಿನಲ್ಲಿ ಆಕೆಯದೆಂದು ಉಳಿದಿದ್ದದ್ದು ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕ ಮಾತ್ರ. ಪ್ರಯೋಗಾಲಯದಲ್ಲಿ ಮಾಡಿದ ಪ್ರಯೋಗ, ತೆಗೆದ ಅಳತೆ, ಬಂದ ಫಲಿತಾಂಶ ಎಲ್ಲವನ್ನೂ ವಿದ್ಯಾರ್ಥಿ ಅದರಲ್ಲಿ ಸ್ವಂತ ಕೈಯಿಂದ ಬರೆಯಬೇಕು. ಉಪನ್ಯಾಸಕರು ಪ್ರತಿ ಪುಟಕ್ಕೂ ಸಹಿ ಮಾಡಬೇಕು. ಹಳೆಯ ರೆಕಾರ್ಡುಗಳನ್ನು ಯಾರೂ ವಿಲೇವಾರಿ ಮಾಡದೆ ಪ್ರಯೋಗಾಲಯದ ಅಲಮಾರಿಯಲ್ಲಿ ಒಟ್ಟಿದ್ದರು. ಮಧ್ಯಾಹ್ನ ವೀರಪ್ಪನವರು ಧೂಳು ಕೊಡವಿ ರೇಣುಕಾಳ ರೆಕಾರ್ಡನ್ನು ಹುಡುಕಿ ತಂದರು. ಕೌನ್ಸೆಲಿಂಗ್ ಸಮಯದಲ್ಲಿ ಆಕೆ ಇಂಗ್ಲಿಷಿನಲ್ಲಿ ಕೈಯಾರೆ ಬರೆದುಕೊಟ್ಟ ಮುಚ್ಚಳಿಕೆಯ ಪ್ರತಿ ಲಕೋಟೆಯಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟೆ.

ಎರಡೂ ಒಬ್ಬರ ಬರಹವಾಗಿರಲಿಲ್ಲ. ರೆಕಾರ್ಡಿನ ಅಕ್ಷರ ದುಂಡಗೆ, ಬಲಕ್ಕೆ ಬಾಗಿ, ಸಾಲು ತಪ್ಪದೆ ಓಡುತ್ತಿತ್ತು. ಮುಚ್ಚಳಿಕೆಯ ಅಕ್ಷರ ಸಣ್ಣದು, ನೆಟ್ಟಗೆ ನಿಂತದ್ದು, ಒಂದಕ್ಕೊಂದು ಅಂಟಿಕೊಳ್ಳದ್ದು. ನಾನು ಪರಿಣತಳಲ್ಲ, ಆದರೆ ಇದನ್ನು ಹೇಳಲು ಪರಿಣತರು ಬೇಕಿರಲಿಲ್ಲ. ಆ ಕ್ಷಣ ನನಗೆ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಅಂದಾಜು ಸರಿ ಇತ್ತು, ಯಾರೋ ಆಕೆಯ ಜಾಗದಲ್ಲಿ ಕೂತು ಬರೆದಿದ್ದಾರೆ ಎಂದುಕೊಂಡೆ. ಆ ದಿನವೇ ವರದಿ ಬರೆದು ಕಳಿಸಬಹುದಿತ್ತು. ಆದರೆ ಒಂದು ಹುಡುಗಿಯ ಮೇಲೆ ಪೊಲೀಸ್ ಪ್ರಕರಣವಾಗುವಂಥ ಮಾತನ್ನು ಬರೆಯುವ ಮೊದಲು ಆಕೆಯನ್ನು ಎದುರಿಗೆ ನೋಡಬೇಕೆನಿಸಿತು. ನ್ಯಾಯ ಮಾಡಬೇಕೆಂಬ ಆಸೆಗಿಂತ, ಯಾರು ಬರೆದರು ಎಂದು ಹಿಡಿಯುವ ಹಟವೇ ಅದರಲ್ಲಿ ಹೆಚ್ಚಿತ್ತು.

ಪ್ರವೇಶ ಅರ್ಜಿಯಲ್ಲಿದ್ದ ಫೋನ್ ನಂಬರು ಬಂದ್ ಆಗಿತ್ತು. ಯಾವಗಲ್ಲಿನವರೊಬ್ಬರ ಮೂಲಕ ವೀರಪ್ಪನವರು ವಿಚಾರಿಸಿದಾಗ, ಎರಡು ವರ್ಷದಿಂದ ಆಕೆ ನರಗುಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ, ಅಲ್ಲಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ ಎಂದು ತಿಳಿಯಿತು. ಲ್ಯಾಬಿನಲ್ಲಿ ಕೆಲಸ ಮಾಡುತ್ತ, ಕೋಚಿಂಗ್ ಇಲ್ಲದೆ, ಐನೂರಾ ಎಪ್ಪತ್ತೆಂಟು. ನನ್ನ ಸಂಶಯ ಈಗ ಆ ಲ್ಯಾಬಿನ ಕಡೆಗೂ ತಿರುಗಿತು. ಇಂಥ ಕೆಲಸಗಳಿಗೆ ಮಧ್ಯಸ್ಥರು ಇರುತ್ತಾರೆಂದು ಎಲ್ಲರಂತೆ ನಾನೂ ಕೇಳಿದ್ದೆ.

ಬುಧವಾರ ಬೆಳಿಗ್ಗೆ ರೆಕಾರ್ಡನ್ನು ಚೀಲದಲ್ಲಿಟ್ಟುಕೊಂಡು ನರಗುಂದದ ಬಸ್ಸು ಹತ್ತಿದೆ. ಹೆಸರುಕಾಯಿ ಬಿಡಿಸುವ ಕಾಲವಾದ್ದರಿಂದ ಕಪ್ಪುಮಣ್ಣಿನ ಎರಿಹೊಲಗಳ ತುಂಬ ಜನ. ಬರುತ್ತೇನೆಂದು ಯಾರಿಗೂ ತಿಳಿಸಿರಲಿಲ್ಲ. ಮೊದಲೇ ಗೊತ್ತಾದರೆ ಎಲ್ಲವನ್ನೂ ಸರಿಪಡಿಸಿಟ್ಟುಕೊಳ್ಳುತ್ತಾರೆಂಬ ಎಣಿಕೆ ನನ್ನದು.

ಲ್ಯಾಬು ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ. ಮುಂದೆ ಬೆಂಚು, ಒಳಗೆ ಒಂದು ಉದ್ದನೆಯ ಕೋಣೆ. ಕೊಣ್ಣೂರಿನಿಂದ ಬಂದ ಒಬ್ಬ ಮುದುಕ ತೋಳು ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದ. ಲ್ಯಾಬ್ ನಡೆಸುತ್ತಿದ್ದ ತಂತ್ರಜ್ಞ ದಾದಾಪೀರ್ ಐವತ್ತರ ಆಸುಪಾಸಿನವರು. ನಾನು ರೇಣುಕಾಳ ಹೆಸರು ಹೇಳಿದ ಕೂಡಲೇ ಅವರ ಮುಖ ಬಿಗಿಯಿತು.

"ಯಾರು ಕಳಿಸ್ಯಾರ್ರಿ ನಿಮ್ಮನ್ನ?"

"ಯಾರೂ ಕಳಿಸಿಲ್ಲ. ನಾ ಆಕಿ ಕಾಲೇಜಿನ ಪ್ರಿನ್ಸಿಪಾಲ್."

ಅವರು ನನ್ನನ್ನು ಒಮ್ಮೆ, ನನ್ನ ಚೀಲವನ್ನು ಒಮ್ಮೆ ನೋಡಿದರು. "ಹದಿನೈದು ದಿನದ ಹಿಂದನೂ ಒಬ್ಬಾಂವ ಬಂದಿದ್ದ್ರಿ, ಕೋಚಿಂಗ್ ಕ್ಲಾಸಿನಾಂವ. ಈಕಿ ನಮ್ಮಲ್ಲೇ ಕಲತಾಳ ಅಂತ ಬರದು ಕೊಟ್ಟು ಫೋಟೋ ಕೊಡ್ರಿ, ಬ್ಯಾನರ್ ಹಾಕತೇವಿ ಅಂದ. ಆಕಿ ಒಲ್ಲೆ ಅಂದ್ಲು. ಸಿಟ್ಟಾಗಿ ಹೋದ. ಈಗ ನೀವು ಬಂದ್ರಿ. ಮೊದಲ ನಿಮ್ಮ ಕಾರ್ಡ್ ತೋರಸ್ರಿ."

ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಯಾರೂ ನನ್ನ ಗುರುತಿನ ಚೀಟಿ ಕೇಳಿರಲಿಲ್ಲ. ತೆಗೆದು ತೋರಿಸಿದೆ. ಅವರು ಅದನ್ನು ಎರಡೂ ಕಡೆ ಓದಿ ಹಿಂದಿರುಗಿಸಿದರು. ಕುರ್ಚಿ ಕೊಟ್ಟರು. ರೇಣುಕಾ ಒಬ್ಬ ರೋಗಿಯ ಮನೆಗೆ ರಕ್ತ ತೆಗೆಯಲು ಹೋಗಿದ್ದಾಳೆ, ಬರುತ್ತಾಳೆ ಎಂದರು. ಅವರು ಕೆಲಸ ಮಾಡುತ್ತ ನನ್ನನ್ನು ಗಮನಿಸಿದರು. ನಾನು ಕೂತು ಅವರನ್ನು ಗಮನಿಸಿದೆ.

ಕೊನೆಗೆ ನಾನೇ ಕೇಳಿದೆ. "ಆಕಿ ಓದಿದ್ದು ಎಲ್ಲೆ? ಯಾರು ಕಲಿಸಿದ್ರು?"

"ಇಲ್ಲೇರಿ. ಮುಂಜಾನೆ ಏಳರಿಂದ ಹನ್ನೊಂದರ ಮಟ ಕೆಲಸ. ಆಮ್ಯಾಲ ಸಂಜಿ ಮಟ ಈ ಮೂಲ್ಯಾಗ ಕೂತು ಓದೂದು. ನಾ ಏನೂ ಕಲಿಸಿಲ್ಲ. ಒಂದ ಮಾತು ಹೇಳಿದ್ದೆ. ಪ್ರತಿ ಟೆಸ್ಟಿನ ಡಬ್ಬ್ಯಾಗ ಒಂದು ಕಾಗದ ಬರ್ತೈತಿ, ಇಂಗ್ಲಿಷಿನ್ಯಾಗ. ಅದನ್ನ ಓದದ ಒಂದು ಹನಿನೂ ಮುಟ್ಟಬ್ಯಾಡ ಅಂದಿದ್ದೆ."

ಹೇಳುತ್ತ ಅವರು ಎದ್ದು, ಮೂಲೆಯ ಮೇಜಿನ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು. ಅದರಲ್ಲಿ ಒಂಬತ್ತು ನೋಟ್‌ಬುಕ್ಕುಗಳಿದ್ದವು. "ನೋಡ್ರಿ. ಆಕಿ ಬೈದ್ರ ನಾ ಬೈಸಿಕೋತೀನಿ."

ನೋಡುವಾಗಲೂ ನಾನು ಹುಡುಕುತ್ತಿದ್ದದ್ದು ಮೋಸವನ್ನೇ. ಮೊದಲನೆಯ ಪುಸ್ತಕದಲ್ಲಿ ಲ್ಯಾಬಿನ ಡಬ್ಬಿಗಳಲ್ಲಿ ಬರುವ ಸೂಚನಾ ಕಾಗದಗಳನ್ನು ಎಡಪುಟಕ್ಕೆ ಅಂಟಿಸಿ, ಬಲಪುಟದಲ್ಲಿ ಪ್ರತಿ ಇಂಗ್ಲಿಷ್ ಪದಕ್ಕೂ ಕನ್ನಡ ಅರ್ಥ ಬರೆಯಲಾಗಿತ್ತು. ಅಕ್ಷರ ಸಣ್ಣದು, ನೆಟ್ಟಗಿತ್ತು. ಮುಚ್ಚಳಿಕೆಯ ಅಕ್ಷರವೇ. ಆದರೆ ಅರ್ಥಗಳನ್ನು ಓದುತ್ತ ಓದುತ್ತ ನನ್ನ ಬೆರಳು ನಿಂತಿತು. ಸಲ್ಯೂಷನ್ ಎಂಬುದರ ಎದುರು 'ಪರಿಹಾರ' ಎಂದು ಬರೆದು, ಆಮೇಲೆ ಹೊಡೆದು ಹಾಕಿ, 'ದ್ರಾವಣ' ಎಂದು ತಿದ್ದಲಾಗಿತ್ತು. ಬೇಸ್ ಎಂಬುದಕ್ಕೆ 'ಬುನಾದಿ', ಹೊಡೆದು 'ಪ್ರತ್ಯಾಮ್ಲ'. ಮೋಲ್ ಎಂಬುದಕ್ಕೆ 'ಮಚ್ಚೆ'. ಅದನ್ನು ಎರಡು ಸಲ ಹೊಡೆದು ಹಾಕಲಾಗಿತ್ತು.

ಹತ್ತನೆಯ ತರಗತಿ ಪಾಸಾದ ಹುಡುಗಿಗೆ ದ್ರಾವಣ ಗೊತ್ತು, ಪ್ರತ್ಯಾಮ್ಲ ಗೊತ್ತು. ಆದರೆ ನಾನು ಹಲಗೆಯ ಮುಂದೆ ನಿಂತು ಸಲ್ಯೂಷನ್ ಎಂದಾಗಲೆಲ್ಲ ಆಕೆ ಯಾವುದೋ ಪರಿಹಾರಕ್ಕೆ ಕಾಯುತ್ತಿದ್ದಳು. ಎರಡು ವರ್ಷ ಆ ಮೂರನೆಯ ಸಾಲಿನಲ್ಲಿ ಹಾಗೆಯೇ ಕೂತಿದ್ದಳು. ನಾನು ಗಮನಿಸಿರಲಿಲ್ಲ. ಮುಂದಿನ ಪುಸ್ತಕಗಳಲ್ಲಿ ಪಠ್ಯಪುಸ್ತಕದ ಪಾಠಗಳು ಸಾಲು ಸಾಲಾಗಿ ಎರಡೂ ಭಾಷೆಯಲ್ಲಿ ಬಂದವು. ಐದನೆಯದರಿಂದ ಕನ್ನಡ ಕಡಿಮೆಯಾಗುತ್ತ ಹೋಯಿತು. ಕೊನೆಯ ಎರಡರಲ್ಲಿ ಬರೀ ತಪ್ಪುಗಳು: ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ತಾನು ತಪ್ಪು ಮಾಡಿದ ಪ್ರಶ್ನೆ, ಯಾಕೆ ತಪ್ಪಾಯಿತು, ಸರಿ ಯಾವುದು. ಪರೀಕ್ಷೆಗೆ ಬೇರೆಯವರನ್ನು ಕೂರಿಸುವವರು ಇಷ್ಟು ತಪ್ಪುಗಳನ್ನು ಒಂಬತ್ತು ಪುಸ್ತಕಗಳಲ್ಲಿ ಬರೆದಿಡುವುದಿಲ್ಲ.

ಹಾಗಿದ್ದರೂ ನನ್ನ ಚೀಲದಲ್ಲಿದ್ದ ರೆಕಾರ್ಡ್ ಸುಳ್ಳಾಗಿರಲಿಲ್ಲ. ಈ ನೋಟ್‌ಬುಕ್ಕುಗಳನ್ನು ಬರೆದವಳು ಬೇರೆ, ನಮ್ಮ ಕಾಲೇಜಿನಲ್ಲಿ ಓದಿದವಳು ಬೇರೆಯೇ ಎಂಬ ಅನುಮಾನ ಉಳಿದೇ ಇತ್ತು.

ಅಷ್ಟರಲ್ಲಿ ರೇಣುಕಾ ಬಂದಳು. ಕೈಯಲ್ಲಿ ರಕ್ತದ ಸಣ್ಣ ಟ್ಯೂಬುಗಳಿದ್ದ ಡಬ್ಬಿ. ಕನ್ನಡಕ ಬಂದಿತ್ತು, ಸ್ವಲ್ಪ ಎತ್ತರವಾಗಿದ್ದಳು, ಆದರೆ ಅದೇ ಹುಡುಗಿ. ನನ್ನನ್ನು ನೋಡಿ, ನನ್ನ ಮಡಿಲಲ್ಲಿದ್ದ ನೋಟ್‌ಬುಕ್ ನೋಡಿ, ಡಬ್ಬಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟು ನಿಂತಳು.

"ಕೂತು ಒಂದು ಹಾಳಿ ಮ್ಯಾಲ ನಾ ಹೇಳಿದ್ದನ್ನ ಬರಿ," ಎಂದೆ.

ಯಾಕೆ ಎಂದು ಕೇಳಲಿಲ್ಲ. ನಾನು ಇಂಗ್ಲಿಷಿನಲ್ಲಿ ಆರು ಸಾಲು ಹೇಳಿದೆ, ಬರೆದಳು. ಸಣ್ಣ, ನೆಟ್ಟಗಿನ ಅಕ್ಷರ. ಆಮೇಲೆ ಬಾಯಿಮಾತಿನಲ್ಲಿ ಕೇಳಿದೆ: ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಶನ್‌ನಲ್ಲಿ ಬೇರೆ ಸೂಚಕ ಯಾಕೆ ಹಾಕುವುದಿಲ್ಲ? ಟೈಟ್ರೇಶನ್ ಎಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅದರ ಪ್ರಮಾಣ ಅಳೆಯುವ ಪ್ರಯೋಗ. ದ್ವಿತೀಯ ಪಿಯುಸಿಯ ಪ್ರತಿ ವಿದ್ಯಾರ್ಥಿಯೂ ಮಾಡಬೇಕಾದದ್ದು.

"ಪರ್ಮಾಂಗನೇಟಿಗೆ ಅದರದ ಬಣ್ಣ ಇರತೈತ್ರಿ. ಕೆಳಗಿನ ಆಮ್ಲ ಮುಗಿಯೂ ಮಟ ಆ ಬಣ್ಣ ಹೋಗಕೋತ ಇರತೈತಿ. ಮುಗದ ಮ್ಯಾಲ ಬಿದ್ದ ಒಂದು ಹನಿ ತಿಳಿ ಗುಲಾಬಿಯಾಗಿ ನಿಂದರತೈತಿ. ಅದಕ್ಕ ಬ್ಯಾರೆ ಬೇಕಾಗೂದಿಲ್ರಿ." ಸ್ವಲ್ಪ ತಡೆದು ಹೇಳಿದಳು. "ಖರೇ ಹೇಳ್ತೀನ್ರಿ ಮೇಡಂ, ನಾ ಅದನ್ನ ವಿಡಿಯೋದಾಗ ನೋಡೀನಿ. ಕಾಲೇಜಿನ್ಯಾಗ ಒಂದ ಸಲಾನೂ ನೋಡಿಲ್ಲ."

ನಾನು ಚೀಲದಿಂದ ರೆಕಾರ್ಡ್ ತೆಗೆದು ಆಕೆಯ ಮುಂದಿಟ್ಟೆ. ಅದೇ ಪ್ರಯೋಗದ ಪುಟ. ಮೂರು ಅಳತೆಗಳು, ಲೆಕ್ಕ, ಉತ್ತರ, ಎಲ್ಲವೂ ದುಂಡಗಿನ ಅಕ್ಷರದಲ್ಲಿ. "ಹಂಗಾದ್ರ ಇದು?"

"ಇದು ನಾ ಬರದದ್ದಲ್ರಿ."

"ಯಾರು ಬರದ್ರು?"

"ಅದನ್ನ ಕೇಳಬ್ಯಾಡ್ರಿ ಮೇಡಂ. ಆಕಿ ನನಗ ಉಪಕಾರ ಮಾಡಿದ್ಲು. ಪ್ರಯೋಗ ಆಗಿರಲಿಲ್ಲ. ಪರೀಕ್ಷಾಕ್ಕ ಹದಿನೈದು ದಿನ ಇದ್ದಾಗ ನೀವು ಎಲ್ಲಾರೂ ರೆಕಾರ್ಡ್ ಮುಗಿಸಿ ತರ್ರಿ ಅಂದ್ರಿ. ನನಗ ನೋಡಿ ಬರೀಲಿಕ್ಕೂ ತಿಳೀಲಿಲ್ಲ."

ದಾದಾಪೀರ್ ಬೆನ್ನು ತಿರುಗಿಸಿ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದರು. ಆದರೆ ಕೈ ನಿಂತಿತ್ತು. ನಾನು ಪುಟದ ಕೆಳಗಿನ ಮೂಲೆ ನೋಡಿದೆ. ಹಸಿರು ಶಾಯಿಯಲ್ಲಿ ನನ್ನ ಸಹಿ, ದಿನಾಂಕ. ಪುಟ ತಿರುವಿದೆ. ಪ್ರತಿ ಪುಟದಲ್ಲೂ ನನ್ನ ಸಹಿ. ಮೊದಲ ಪುಟದಲ್ಲಿ, ಈ ಎಲ್ಲ ಪ್ರಯೋಗಗಳನ್ನು ವಿದ್ಯಾರ್ಥಿನಿಯು ನನ್ನ ಸಮ್ಮುಖದಲ್ಲಿ ಸ್ವತಃ ಮಾಡಿರುತ್ತಾಳೆ ಎಂಬ ಪ್ರಮಾಣಪತ್ರ, ಅದರ ಕೆಳಗೂ ನನ್ನದೇ ಸಹಿ. ಎಲ್ಲ ಪುಟಗಳ ದಿನಾಂಕವೂ ಒಂದೇ. ಆ ವರ್ಷ ರಾಸಾಯನಿಕಗಳು ತಡವಾಗಿ ಬಂದಿದ್ದವು, ಸಹಾಯಕರಿರಲಿಲ್ಲ, ಪ್ರಾಚಾರ್ಯೆಯ ಹೊಣೆ ಹೊಸದು. ಇಪ್ಪತ್ತು ಪ್ರಯೋಗಗಳಲ್ಲಿ ಏಳನ್ನಷ್ಟೇ ಮಾಡಿಸಿದ್ದೆ. ನಲವತ್ತಮೂರು ರೆಕಾರ್ಡುಗಳಿಗೆ ಒಂದೇ ಮಧ್ಯಾಹ್ನ ಸಹಿ ಹಾಕಿ, ಎಲ್ಲರಿಗೂ ಪ್ರಾಯೋಗಿಕದಲ್ಲಿ ಮೂವತ್ತಕ್ಕೆ ಮೂವತ್ತು ಬೀಳುವಂತೆ ನೋಡಿಕೊಂಡಿದ್ದೆ. ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ.

ಬಸ್ಸಿನಲ್ಲಿ ಹಿಂದಿರುಗುವಾಗ ಮತ್ತೊಂದು ಸಂಶಯ ತಲೆ ಎತ್ತಿತು. ರೆಕಾರ್ಡನ್ನು ಮತ್ತೆ ತೆರೆದೆ, ದೂರಿನ ಪ್ರತಿಯನ್ನು ಪಕ್ಕಕ್ಕಿಟ್ಟೆ. ದೂರು ಕನ್ನಡದಲ್ಲಿ, ರೆಕಾರ್ಡ್ ಇಂಗ್ಲಿಷಿನಲ್ಲಿ. ಅಕ್ಷರ ಹೋಲಿಸಲು ಬರುವುದಿಲ್ಲ. ಆದರೆ ಅಂಕಿಗಳಿದ್ದವು. ದೂರಿನ ಕೆಳಗಿನ ರಿಜಿಸ್ಟರ್ ನಂಬರಿನಲ್ಲಿ ಎರಡು ಏಳುಗಳು. ಎರಡಕ್ಕೂ ನಡುವೆ ಸಣ್ಣ ಅಡ್ಡಗೆರೆ. ರೆಕಾರ್ಡಿನ ಅಳತೆಗಳಲ್ಲೂ ಏಳುಗಳಿಗೆ ಅದೇ ಅಡ್ಡಗೆರೆ. ರೆಕಾರ್ಡ್ ಬರೆದುಕೊಟ್ಟವಳೇ ದೂರು ಬರೆದಿರಬಹುದೇ?

ದುಂಡಗಿನ ಅಕ್ಷರ ಯಾರದೆಂದು ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅದೇ ವರ್ಷದ ರೆಕಾರ್ಡುಗಳ ರಾಶಿಯಲ್ಲಿ ಅದು ಇನ್ನೊಂದರಲ್ಲಿತ್ತು. ಸುನೀತಾ, ಆ ವರ್ಷದ ಮೊದಲಿಗಳು. ಆಕೆಯೂ ನೀಟ್ ಎರಡು ಸಲ ಬರೆದು, ಸೀಟು ಸಿಗದೆ, ಗಜೇಂದ್ರಗಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ತಂದೆಗೆ ಅಲ್ಲಿ ಬಟ್ಟೆ ಅಂಗಡಿ.

ಶುಕ್ರವಾರ ಗಜೇಂದ್ರಗಡಕ್ಕೆ ಹೋದೆ. ಆಕೆಯ ಮನೆಯಲ್ಲಿ ನನಗೆ ಬಹಳ ಗೌರವ ಸಿಕ್ಕಿತು. ತಾಯಿ ಚಹಾ ತಂದರು, ಮಗಳನ್ನು ಕರೆದರು. ಇಬ್ಬರೇ ಉಳಿದಾಗ ರೆಕಾರ್ಡನ್ನು ತೋರಿಸಿ, ಇದು ನಿನ್ನ ಅಕ್ಷರವೇ ಎಂದು ಕೇಳಿದೆ.

"ಹೌದ್ರಿ ಮೇಡಂ." ತಡವರಿಸಲಿಲ್ಲ. "ನಂದೂ ಬರದೆ, ಆಕಿದೂ ಬರದೆ, ಇನ್ನೂ ಇಬ್ಬರದು ಬರದೆ. ಅರ್ಧಕ್ಕಿಂತ ಹೆಚ್ಚು ಪ್ರಯೋಗ ಆಗಿರಲಿಲ್ಲಲ್ರಿ. ನೀವಽ ಸಹಿ ಮಾಡಿದ್ರಿ."

"ಅದು ಗೊತ್ತೈತಿ. ಇದನ್ನ ನೀ ಬರದಿ ಅಂತ ಒಂದು ಹಾಳಿ ಮ್ಯಾಲ ಬರಕೊಡ್ತಿಯೇನು? ಆಕಿ ಸೀಟಿಗೆ ಬೇಕಾಗೈತಿ."

ಆಕೆಯ ಕಣ್ಣು ನನ್ನ ಚೀಲದ ಮೇಲಿತ್ತು. ಅದರಲ್ಲಿ ದೂರಿನ ಪ್ರತಿ ಇದೆಯೆಂದು ಆಕೆಗೆ ಗೊತ್ತೋ, ಅಥವಾ ಕಣ್ಣಿಗೆ ಬೇರೆ ಜಾಗವಿರಲಿಲ್ಲವೋ, ಹೇಳಲಾರೆ. ಕೊನೆಗೆ ಹಾಳೆ ಎಳೆದುಕೊಂಡು ಬರೆದಳು. ದಿನಾಂಕ ಹಾಕುವಾಗ ಏಳು ಬಂತು. ನಡುವೆ ಅಡ್ಡಗೆರೆ ಹಾಕಿದಳು.

ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದಕ್ಕೆ ಆಗ ಸರಿಯಾದ ಕಾರಣವಿರಲಿಲ್ಲ. ಶನಿವಾರ ಬೆಳಿಗ್ಗೆ ತರಗತಿಯಲ್ಲಿ ಕಾರಣ ಸಿಕ್ಕಿತು. ಹಲಗೆಯ ಮೇಲೆ ಒಂದು ಲೆಕ್ಕ ಬರೆದು ತಿರುಗಿದಾಗ ನೋಡಿದೆ: ನಾನು ಬರೆದ ಏಳಿಗೂ ಅಡ್ಡಗೆರೆ ಇತ್ತು. ಒಂದು ಮತ್ತು ಏಳು ಹಿಂದಿನ ಸಾಲಿನವರಿಗೆ ಬೇರೆಯಾಗಿ ಕಾಣಲಿ ಎಂದು ಎಷ್ಟೋ ವರ್ಷದಿಂದ ಹಾಗೆಯೇ ಬರೆಯುತ್ತಿದ್ದೆ. ಮುಂದಿನ ಬೆಂಚಿನ ಹುಡುಗರ ನೋಟ್‌ಬುಕ್ ಇಣುಕಿದರೆ ಅರ್ಧ ಜನ ಹಾಗೇ ಬರೆದಿದ್ದರು. ನನ್ನ ಕೈಕೆಳಗೆ ಓದಿದ ಯಾರಾದರೂ ಆ ದೂರು ಬರೆದಿರಬಹುದಿತ್ತು. ಸಿಟ್ಟಾಗಿ ಹೋದ ಕೋಚಿಂಗಿನವನು ಬರೆಸಿರಬಹುದಿತ್ತು. ಸುನೀತಾಳೇ ಬರೆದಿರಬಹುದಿತ್ತು. ನನಗೆ ಇವತ್ತಿಗೂ ಗೊತ್ತಿಲ್ಲ, ಮತ್ತು ನನ್ನ ಮನಸ್ಸು ಆಕೆಯನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ ಎಂಬುದೂ ನಿಜ.

ವರದಿ ಬರೆಯುವುದು ಮಾತ್ರ ಉಳಿದಿತ್ತು. ಅಂದು ಮಧ್ಯಾಹ್ನ ವೀರಪ್ಪನವರು ಬಾಗಿಲು ಮುಂದೆ ಮಾಡಿ ನನ್ನೆದುರು ಕೂತರು.

"ಮೇಡಂ, ರೆಕಾರ್ಡ್ ಸಿಗಲಿಲ್ಲ ಅಂತ ಬರೀರಿ. ಇಲಿ ತಿಂದ್ವು ಅಂತ ಬರೀರಿ. ಫೋಟೋ, ಸಹಿ ಹೊಂದತಾವು ಅಂತ ಬರೀರಿ. ಹುಡುಗಿನೂ ಪಾರಾಗ್ತಾಳ, ನೀವೂ ಪಾರಾಗ್ತೀರಿ. ವರ್ಷಕ್ಕ ರಿಟೈರ್ ಆಗಾವರು, ಯಾಕ ಮೈಮ್ಯಾಲ ಹಾಕ್ಕೋತೀರಿ?"

ಅವರ ಮಾತಿನಲ್ಲಿ ಕೇಡು ಇರಲಿಲ್ಲ. ನನಗೂ ಅದೇ ಸುಲಭದ ದಾರಿಯಾಗಿ ಕಂಡಿತು. ಆದರೆ ದೂರು ಬರೆದವರು ಯಾರೇ ಆಗಿರಲಿ, ಕಾಲೇಜಿನ ಒಳಗಿನದು ಬಲ್ಲವರು. ರೆಕಾರ್ಡ್ ಇದೆಯೆಂದು ಅವರಿಗೆ ಗೊತ್ತಿದ್ದರೆ? ಅದು ಕಾಣೆಯಾಗಿದೆ ಎಂದು ನಾನು ಬರೆದ ಮೇಲೆ ಅದರ ಒಂದು ಪುಟದ ಫೋಟೋ ಮೇಲಿನ ಕಚೇರಿಗೆ ಹೋದರೆ, ಎರಡು ಕೈಬರಹ ನೋಡಿ ಅವರು ಆಡುವ ಮೊದಲ ಮಾತು ನಾನು ಸೋಮವಾರ ನನ್ನಷ್ಟಕ್ಕೇ ಆಡಿಕೊಂಡದ್ದೇ ಆಗಿರುತ್ತಿತ್ತು. ಆಗ ಆಕೆ ಓದಿನ ನಡುವಿನಿಂದ ಹೊರಬೀಳಬೇಕಾಗುತ್ತಿತ್ತು. ಇನ್ನೊಂದು ಕಡೆ, ನಿಜ ಬರೆದರೆ ಆಕೆಯ ಪ್ರಾಯೋಗಿಕ ಅಂಕವೇ ಪ್ರಶ್ನೆಗೆ ಒಳಗಾಗಬಹುದಿತ್ತು.

ಎರಡು ಕರಡು ಹರಿದು ಹಾಕಿ ಮೂರನೆಯದನ್ನು ಉಳಿಸಿಕೊಂಡೆ. ಅಭ್ಯರ್ಥಿಗೆ ಎರಡು ವರ್ಷ ಪಾಠ ಮಾಡಿದ ನಾನು ಆಕೆಯನ್ನು ಖುದ್ದಾಗಿ ಗುರುತಿಸಿದ್ದೇನೆ. ನನ್ನ ಸಮಕ್ಷಮ ಬರೆಸಿದ ಬರಹ ಆಕೆಯ ಮುಚ್ಚಳಿಕೆಗೆ ಹೊಂದುತ್ತದೆ. ಆಕೆಯ ಎರಡು ವರ್ಷದ ಒಂಬತ್ತು ನೋಟ್‌ಬುಕ್ಕುಗಳನ್ನು ಪರಿಶೀಲಿಸಿದ್ದೇನೆ, ಪ್ರತಿಗಳನ್ನು ಲಗತ್ತಿಸಿದ್ದೇನೆ. ಕಾಲೇಜಿನ ರೆಕಾರ್ಡ್ ಆಕೆಯ ಕೈಬರಹದಲ್ಲಿಲ್ಲ. ಆ ವರ್ಷ ನಿಗದಿತ ಪ್ರಯೋಗಗಳಲ್ಲಿ ಹದಿಮೂರನ್ನು ನಡೆಸದೆಯೇ ಎಲ್ಲ ನಲವತ್ತಮೂರು ವಿದ್ಯಾರ್ಥಿಗಳ ರೆಕಾರ್ಡುಗಳಿಗೆ ನಾನು ಸಹಿ ಮಾಡಿದ್ದೇನೆ. ಇದರ ಹೊಣೆ ವಿದ್ಯಾರ್ಥಿಗಳದಲ್ಲ, ನನ್ನದು. ಸುನೀತಾಳ ಹೇಳಿಕೆಯನ್ನೂ ಜೊತೆಗಿಟ್ಟೆ. ವೀರಪ್ಪನವರು ಟೈಪು ಮಾಡುವಾಗ ಕೊನೆಯ ಸಾಲಿನಲ್ಲಿ ನಿಂತು ನನ್ನ ಮುಖ ನೋಡಿದರು. "ಹಂಗಽ ಇರಲಿ," ಎಂದೆ.

ಮಂಗಳವಾರ ಉತ್ತರ ಬಂತು. ಅಭ್ಯರ್ಥಿಯ ಗುರುತು ದೃಢಪಟ್ಟಿದೆ, ಪ್ರವೇಶಕ್ಕೆ ಆಕ್ಷೇಪಣೆ ಇಲ್ಲ. ಅದೇ ಲಕೋಟೆಯಲ್ಲಿ ನನ್ನ ಹೆಸರಿಗೆ ಕಾರಣ ಕೇಳುವ ನೋಟಿಸೂ ಇತ್ತು. ಅದಕ್ಕೆ ಆಮೇಲೆ ಉತ್ತರ ಕೊಟ್ಟೆ, ಎಚ್ಚರಿಕೆ ನೀಡಿ ಮುಕ್ತಾಯ ಮಾಡಿದರು. ನನ್ನ ಸೇವಾ ಪುಸ್ತಕದಲ್ಲಿ ಆ ಎಚ್ಚರಿಕೆಯ ಒಂದು ಸಾಲು ಇದೆ.

ಆಕೆ ಪ್ರವೇಶಕ್ಕೆ ಹೋಗಬೇಕಾದದ್ದು ಮರುದಿನವೇ. ಪತ್ರದ ಪ್ರತಿಯನ್ನು ನಾನೇ ಒಯ್ದುಕೊಟ್ಟೆ. ಯಾವಗಲ್ಲಿನ ಅವರ ಮನೆಗೆ ಹೋಗುವಷ್ಟರಲ್ಲಿ ಸಂಜೆ ಐದಾಗಿತ್ತು. ತಂದೆ ಕುರಿಗಳೊಂದಿಗೆ ದೂರದ ಅಡವಿಗೆ ಹೋಗಿದ್ದರು. ಹೊರಡುವ ಮುನ್ನ ಊರಿಗೆ ಬಂದಿದ್ದ ರೇಣುಕಾ ಒಳಗೆ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ತಾಯಿ ದ್ಯಾಮವ್ವ ಅಂಗಳದಲ್ಲಿ ಹೆಸರುಕಾಯಿ ಹರವುತ್ತಿದ್ದವರು ಕೈ ಒರೆಸಿಕೊಂಡು ಚಾಪೆ ಹಾಸಿದರು, ನೀರು ತಂದುಕೊಟ್ಟರು. ರೇಣುಕಾ ಪತ್ರವನ್ನು ಒಂದು ಸಲ ತನಗೆ, ಒಂದು ಸಲ ತಾಯಿಗೆ ಓದಿ ಹೇಳಿದಳು. ನಾನು ಬಂದ ಕಾರಣವನ್ನು, ನರಗುಂದಕ್ಕೂ ಗಜೇಂದ್ರಗಡಕ್ಕೂ ಹೋಗಿ ವಿಚಾರಿಸಿದ್ದನ್ನು ವಿವರಿಸಿದೆ. ಅಷ್ಟೆಲ್ಲ ತಿರುಗಾಡಿದೆನೆಂದು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇದ್ದಿರಬೇಕು.

ದ್ಯಾಮವ್ವ ಎಲ್ಲ ಕೇಳಿದರು. ಸಿಟ್ಟಿರಲಿಲ್ಲ, ಕೇಳಬೇಕಾದದ್ದನ್ನು ಕೇಳುವಂತೆ ಕೇಳಿದರು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಇಕಿ ನಪಾಸಾದಾಗ ಮೂರು ತಿಂಗಳು ಮೂಲ್ಯಾಗ ಕೂತಿದ್ಲು. ಅನ್ನ ಬಿಟ್ಟಿದ್ಲು. ಆವಾಗ ಕಾಲೇಜಿಂದ ಯಾರೂ ಬರಲಿಲ್ರಿ. ಪಾಸಾದ ಮ್ಯಾಲ ಮೂರು ಊರು ತಿರುಗಿ ಬಂದ್ರಿ. ಯಾಕ್ರಿ?"

"ಯವ್ವಾ, ಸುಮ್ನಿರ," ಎಂದಳು ರೇಣುಕಾ.

ಅದು ಕಚೇರಿಯ ಆದೇಶವಾಗಿತ್ತು ಎನ್ನಬಹುದಿತ್ತು. ಅಂದಿದ್ದರೆ ನಿಜವೇ. ಆದರೆ ಹದಿನಾಲ್ಕು ಅಂಕವನ್ನು ಕಂಡಾಗ ನನಗೆ ಯಾವ ಸಂಶಯವೂ ಬಂದಿರಲಿಲ್ಲ. ಹತ್ತನೆಯದರಲ್ಲಿ ಅಷ್ಟು ಚೆನ್ನಾಗಿ ಓದಿದ ಹುಡುಗಿಗೆ ಇದು ಹೇಗಾಯಿತು, ಎಲ್ಲಿ ತಪ್ಪಿತು, ಇದರಲ್ಲಿ ಏನೋ ಇದೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಅರವತ್ತೊಂದು ಕಂಡಾಗ ಮಾತ್ರ ಅನಿಸಿತು. "ತಪ್ಪಾತವಾ," ಎಂದೆ. ದ್ಯಾಮವ್ವ ತಲೆಯಾಡಿಸಿ, ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದರು. ಹೊರಡುವಾಗ ರೇಣುಕಾ ಬಸ್ ನಿಲ್ಲುವ ತನಕ ಬಂದಳು. ಪ್ರಥಮ ವರ್ಷದಲ್ಲಿ ಜೀವರಸಾಯನಶಾಸ್ತ್ರ ಇರುತ್ತದಂತೆ, ಅದಕ್ಕೆ ಯಾವ ಪುಸ್ತಕ ಒಳ್ಳೆಯದು ಎಂದು ಕೇಳಿದಳು. ಮೂರು ಪುಸ್ತಕಗಳ ಹೆಸರು ಹೇಳಿದೆ. ಆಕೆ ಅಂಗೈ ಮೇಲೆ ಬರೆದುಕೊಂಡಳು.

ಸಂಶಯ ಪಡುವುದು ನನ್ನ ವೃತ್ತಿಯ ಒಂದು ಭಾಗವೇ ಆಗಿತ್ತು. ಅದು ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ಮೂವತ್ತು ವರ್ಷ ನಾನು ಅದನ್ನು ಗೆದ್ದ ಮಕ್ಕಳ ಮೇಲಷ್ಟೇ ಖರ್ಚು ಮಾಡಿದ್ದೆ. ಸೋತವರ ಅಂಕಪಟ್ಟಿಯನ್ನು ಪ್ರಶ್ನೆಯಿಲ್ಲದೆ ನಂಬಿದ್ದೆ.

ಆ ವರ್ಷ ಇಪ್ಪತ್ತು ಪ್ರಯೋಗಗಳನ್ನೂ ಮಾಡಿಸಿದೆ. ಮುಂದಿನ ಬೇಸಿಗೆ ಫಲಿತಾಂಶ ಬಂದಾಗ ಹನ್ನೊಂದು ಮಕ್ಕಳು ನಪಾಸಾಗಿದ್ದರು. ನಿವೃತ್ತಿಗೆ ಮೂರು ತಿಂಗಳಿಗಿಂತ ಕಡಿಮೆ ಉಳಿದಿತ್ತು. ವೀರಪ್ಪನವರಿಗೆ ಆ ಹನ್ನೊಂದು ಜನರ ವಿಳಾಸ ಬರೆದುಕೊಡಲು ಹೇಳಿದೆ. "ಏನಾತ್ರಿ ಮೇಡಂ, ಮತ್ತ ದೂರು ಬಂತೇನು?" ಎಂದು ಗಾಬರಿಯಾದರು. ಇಲ್ಲ ಎಂದೆ. ಪಟ್ಟಿಯ ಮೊದಲ ಹೆಸರು ಇಟಗಿಯ ಒಬ್ಬ ಹುಡುಗನದು, ಭೌತಶಾಸ್ತ್ರಕ್ಕೆ ಎಪ್ಪತ್ತಕ್ಕೆ ಒಂಬತ್ತು. ನಾನು ಹೋದಾಗ ಅವನು ಬಾಗಿಲ ಹಿಂದೆ ಸರಿದು ನಿಂತ. ಅವನ ಅಜ್ಜಿ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಕೇಳಿದರು: "ಏನ್ ತಪ್ಪ ಮಾಡ್ಯಾನ್ರಿ ನಮ್ಮ ಹುಡುಗ?"

"ಅವಾ ಏನೂ ಮಾಡಿಲ್ರಿ," ಎಂದೆ. "ಎಲ್ಲಿ ತಪ್ಪೈತಿ ಅಂತ ಕೂಡಿ ನೋಡೂಣು ಅಂತ ಬಂದೀನಿ. ಅವನ ನೋಟ್‌ಬುಕ್ ತರಲಿಕ್ಕೆ ಹೇಳ್ರಿ."